ಕಿಟಕಿಕಟ್ಟೆಯ ಮಗ್ಗು

ಅಟಿಯೆನೊ ಚಿತ್ರ ಕಲಿತದ್ದು ಸಲೂನುಗಳ ಬೋರ್ಡು ಬರೆದು. ನೈರೋಬಿಯ ಕರಿಯೊಬಾಂಗಿಯಲ್ಲಿ ಹತ್ತು ವರ್ಷ ಜಡೆ, ಮೀಸೆ, ಬೋಳುತಲೆ ಬರೆದೂ ಬರೆದೂ ಅವಳ ಕೈಗೆ ಮುಖಗಳು ಪಳಗಿದ್ದವು. ಯೂರೋಪಿನ ಹಳೆಯ ಚಿತ್ರಗಳನ್ನು ಮೊದಲು ಕಂಡದ್ದು ಯಾರೋ ಎಸೆದ ಕ್ಯಾಲೆಂಡರಿನಲ್ಲಿ. ಮಖಮಲ್ಲಿನ ಕುರ್ಚಿ, ಅದರಲ್ಲಿ ಬಿಳಿ ದೊರೆಸಾನಿ. ಹನ್ನೆರಡು ಹಾಳೆಯಲ್ಲಿ ಕಪ್ಪು ಹೆಣ್ಣು ಅಂತ ಇದ್ದದ್ದು ಒಬ್ಬಳೇ. ಹಣ್ಣಿನ ತಟ್ಟೆ ಹಿಡಿದು ಮೂಲೆಯಲ್ಲಿ ನಿಂತಿದ್ದಳು, ಅರ್ಧ ಮುಖ ಕತ್ತಲಲ್ಲಿ. ಆ ತಟ್ಟೆಯವಳನ್ನು ಎಳೆದು ತಂದು ತನ್ನ ಚಿತ್ರಗಳಲ್ಲಿ ಕುರ್ಚಿಯ ಮೇಲೆ ರಾಣಿಯಾಗಿ ಕೂರಿಸುವುದೇ ಅಟಿಯೆನೊಳ ಕಸುಬಾಯಿತು.

ಅವಳದೊಂದು ಕಟ್ಟಳೆ ಇತ್ತು. ಚಿತ್ರಕ್ಕೆ ಕೂರುವವರಿಗೆ ರಾಣಿಯ ಉಡುಪನ್ನು ಅವಳೇ ಕೊಡುವಳು. ಹಳೇಬಟ್ಟೆ ಸಂತೆಯ ಪರದೆ ಹರಿದು ಹೊಲಿದದ್ದು. ಕೈಯಲ್ಲಿ ಹಿಡಿಯುವ ವಸ್ತುವನ್ನು ಮಾತ್ರ ಅವರೇ ತರಬೇಕು. ಅದು ಅವರ ಸ್ವಂತದ್ದಾಗಿರಬೇಕು.

2016ರಲ್ಲಿ ಊರಿನ ಸಿರಿವಂತರ ಬಡಾವಣೆ ಸ್ಪ್ರಿಂಗ್ ವ್ಯಾಲಿಯ ಕಮಲಾಕ್ಷಿ ಅಂಥದೊಂದು ಚಿತ್ರ ಬೇಕೆಂದರು. ಗಂಡನ ಬ್ಯಾಂಕ್ ಕೆಲಸಕ್ಕಾಗಿ ಬೆಂಗಳೂರಿನಿಂದ ಬಂದವರು. ಗಿಗಿರಿ ಬಡಾವಣೆಯ ಗೆಳತಿಯ ಮನೆಯಲ್ಲಿ ಅಟಿಯೆನೊ ಬರೆದ ಕಪ್ಪು ರಾಣಿಯನ್ನು ನೋಡಿದ ಮೇಲೆ ತಮ್ಮ ಮನೆಯ ಹಾಲ್‌ನ ಗೋಡೆ ಬೋಳೆನಿಸಿತ್ತು. ಅವರ ಮನೆಗೆಲಸದ ಮ್ವೆಂಡೆ ಅಟಿಯೆನೊಳ ವಠಾರದವಳು. ಅಟಿಯೆನೊಳಿಗೆ ಈ ಚಿತ್ರದ ಕೆಲಸ ಗಿಟ್ಟಿಸಿಕೊಟ್ಟವಳೂ ಅವಳೇ. ಅವಳನ್ನೇ ನಾಲ್ಕು ಭಾನುವಾರ ಕೂರಿಸಿದ್ದಾಯಿತು. ಅವಳು ತಂದದ್ದು ಒಂದು ಎನಾಮಲ್ ಮಗ್ಗು.

"ಇದೇನೇ, ಅಂಚೆಲ್ಲ ಚಕ್ಕೆ ಎದ್ದಿದೆ?" ಅಟಿಯೆನೊ ಕೇಳಿದಳು.

"ಆ ಮನೇಲಿ ನನ್ನದು ಅಂತ ಇರೋದು ಇದೊಂದೇ. ಒಳಗಿನ ಲೋಟದಲ್ಲಿ ನಾನು ಕುಡಿಯೋ ಹಾಗಿಲ್ಲ. ಇದು ಹಿಂದಿನ ಕಿಟಕಿಕಟ್ಟೆ ಮೇಲಿರುತ್ತೆ. ತಾಗದ ಹಾಗೆ ಮೇಲಿಂದ ಚಹಾ ಸುರೀತಾರೆ. ಬೇರೆ ಯಾರೂ ಮುಟ್ಟಲ್ಲ. ರಾಣಿ ಅಂದ್ರೆ ಹಾಗೇ ಅಲ್ವಾ?"

ಮ್ವೆಂಡೆ ನಕ್ಕಳು. ಅಟಿಯೆನೊ ನಗಲಿಲ್ಲ. ಬಿಳಿಯರ ಬೈಗುಳ ಅವಳಿಗೆ ಗೊತ್ತಿತ್ತು. ಇದು ಹೊಸ ಬಗೆ, ಇನ್ನೊಂದು ದೇಶದಿಂದ ಪೆಟ್ಟಿಗೆಯಲ್ಲಿ ಬಂದದ್ದು. ಆ ಮಗ್ಗೊಂದನ್ನೇ ಎರಡು ವಾರ ಬರೆದಳು. ಒಂದು ಚಕ್ಕೆಯನ್ನೂ ಬಿಡಲಿಲ್ಲ.

ಮನೆಯ ಹಾಲ್‌ನಲ್ಲಿ ಚಿತ್ರದ ಮೇಲಿನ ಬಟ್ಟೆ ಸರಿಸಿದಾಗ ಕಮಲಾಕ್ಷಿ ಕೈ ತಟ್ಟಿದರು. "ಅಯ್ಯೋ, ನಮ್ಮ ಮ್ವೆಂಡೆ! ಎಷ್ಟು ಗ್ರ್ಯಾಂಡಾಗಿದ್ದಾಳೆ! ಬಾರೇ, ಒಂದು ಸೆಲ್ಫಿ ತಗೊಳ್ಳೋಣ."

ಮಗಳು ಪ್ರಣತಿ ಚಿತ್ರದ ಹತ್ತಿರ ಹೋದಳು. "ಅಮ್ಮಾ, ದಟ್ಸ್ ಹರ್ ಮಗ್. ದ ವಿಂಡೋ ಒನ್."

ಕಮಲಾಕ್ಷಿಯ ಮುಖ ಇಳಿಯಿತು. "ಮನೆಯವಳ ಹಾಗೆ ನೋಡಿಕೊಂಡಿದ್ದೀವಿ, ಮ್ವೆಂಡೆ. ಇದನ್ನೆಲ್ಲ ಹೊರಗೆ ಹೇಳಿಕೊಂಡು ಬರ್ತೀಯಾ? ಇಂಥವಳನ್ನ ಇಟ್ಟುಕೊಳ್ಳೋದು ಹೇಗೆ?" ಆಮೇಲೆ ಅಟಿಯೆನೊಳತ್ತ ತಿರುಗಿ, "ಮುಖ ಇರಲಿ. ಆ ಮಗ್ ಅಳಿಸಿ ಒಂದು ಗುಲಾಬಿ ಹಾಕು. ಶನಿವಾರ ನಮ್ಮ ಕನ್ನಡದವರೆಲ್ಲ ಬರ್ತಾರೆ" ಅಂದರು.

"ಅಳಿಸಲ್ಲ. ಬೇಡದಿದ್ದರೆ ಚಿತ್ರ ಹೊತ್ತುಕೊಂಡು ಹೋಗ್ತೀನಿ."

"ಅಳಿಸೇ!" ಬಾಗಿಲಲ್ಲಿ ನಿಂತಿದ್ದ ಮ್ವೆಂಡೆ ಸ್ವಾಹಿಲಿಯಲ್ಲಿ ಗದರಿದಳು. "ಈ ಚಿತ್ರ ಹೋದರೆ ನೀನು ಇನ್ನೊಂದು ಬರೀತೀಯ. ಈ ಕೆಲಸ ಹೋದರೆ ನನ್ನ ಮಕ್ಕಳ ಹೊಟ್ಟೆಗೆ ನೀನು ಹಾಕ್ತೀಯಾ?"

ಅಟಿಯೆನೊ ಕುಂಚ ತೆಗೆದಳು. ಗುಲಾಬಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಶನಿವಾರ ಬಂದವರೆಲ್ಲ ಹೂವನ್ನು ಹೊಗಳಿದರಂತೆ. ಹಳೆಯ ಮಗ್ಗನ್ನು ಕಮಲಾಕ್ಷಿ ಅದಾಗಲೇ ಎಸೆಸಿದ್ದರು. ಸೋಮವಾರ ಮ್ವೆಂಡೆಗೆ ಹೊಸದು ಬಂತು, ಹಸಿರು ಬಣ್ಣದ್ದು. ಅದು ಕಿಟಕಿಕಟ್ಟೆಯ ಮೇಲೇ ಇತ್ತು.