ಹತ್ತು ಗಂಟೆಯ ನಕಲು

ಆಸ್ಪತ್ರೆಯ ಕಂಪ್ಯೂಟರುಗಳನ್ನು ಹದಿನೇಳು ವರ್ಷದಿಂದ ನೋಡಿಕೊಳ್ಳುತ್ತಿದ್ದ ಅವಳನ್ನು ಡಾಕ್ಟರರಿಂದ ಹಿಡಿದು ಆಯಾಗಳವರೆಗೆ ಎಲ್ಲರೂ ಸರ್ವರಕ್ಕ ಎಂದೇ ಕರೆಯುತ್ತಿದ್ದರು. ಒಂದೇ ಕೆಲಸವನ್ನು ಮೂರನೇ ಸಲ ಕೈಯಾರೆ ಮಾಡುವುದೆಂದರೆ ಅವಳಿಗೆ ಮೈಯುರಿ. ಎರಡನೇ ಸಲಕ್ಕೇ ಕಂಪ್ಯೂಟರಿಗೆ ಅಪ್ಪಣೆಗಳ ಒಂದು ಸ್ಕ್ರಿಪ್ಟ್ ಬರೆದು, ಗಂಟೆ ಗೊತ್ತುಮಾಡಿ, ಕೆಲಸವನ್ನು ಅದರ ಹೆಗಲಿಗೇರಿಸಿ ಕೈತೊಳೆದುಕೊಳ್ಳುತ್ತಿದ್ದಳು. ಅಂಥವು ಇಪ್ಪತ್ಮೂರಿದ್ದವು. ‘ನನ್ನ ಆಳುಗಳು’ ಎನ್ನುತ್ತಿದ್ದಳು. ರಜೆ ಕೇಳುವುದಿಲ್ಲ, ಎದುರಾಡುವುದಿಲ್ಲ, ಹೇಳಿದಷ್ಟು ಮಾಡುತ್ತವೆ. ಹೇಳಿದಷ್ಟೇ ಮಾಡುವುದು ಎಂಥ ದೊಡ್ಡ ರೋಗವೆಂದು ಒಂದು ಮಂಗಳವಾರ ಬೆಳಿಗ್ಗೆ ಅವಳಿಗೆ ಗೊತ್ತಾಯಿತು.

ಒಂಬತ್ತು ಐವತ್ತಕ್ಕೆ ಸ್ಕ್ಯಾನಿಂಗ್ ಕೋಣೆಯ ಟೆಕ್ನೀಶಿಯನ್ ಫೋನ್ ಮಾಡಿದ.

“ಅಕ್ಕಾ, ಹಳೇ ಸ್ಕ್ಯಾನ್ ಒಂದೂ ಕಾಣ್ತಿಲ್ಲ. ಹನ್ನೊಂದಕ್ಕೆ ತಲೆ ಆಪರೇಷನ್ ಇದೆ. ಆ ಹೆಂಗಸಿನ ಎರಡು ತಿಂಗಳ ಹಿಂದಿನ ಸ್ಕ್ಯಾನ್ ಬೇಕೇ ಬೇಕಂತೆ. ಗಡ್ಡೆ ಯಾವ ಕಡೆ ಬೆಳೆದಿದೆ ಅಂತ ಹೋಲಿಸಿ ನೋಡದೆ ಸರ್ಜನ್ ಚಾಕು ಹಿಡಿಯಲ್ಲ. ಮುಂದೆ ಹಾಕೋ ಹಾಗೂ ಇಲ್ಲ, ಒಂದು ಕಣ್ಣು ಆಗಲೇ ಮಂಜಾಗಿದೆ.”

ಅವಳು ಪರದೆ ನೋಡಿದಳು. ತಿಂಗಳಿಗಿಂತ ಹಳೆಯದಾದ ಒಂದು ಫೈಲೂ ಇರಲಿಲ್ಲ. ಯಾರ ಕೆಲಸವೆಂದು ತಿಳಿಯಲು ಅರ್ಧ ನಿಮಿಷ ಸಾಕಾಯಿತು. ಕಸ ಗುಡಿಸುವ ಸ್ಕ್ರಿಪ್ಟೊಂದಿತ್ತು: ತಾತ್ಕಾಲಿಕ ಫೈಲುಗಳ ಫೋಲ್ಡರಿನೊಳಗೆ ಹೋಗು, ತಿಂಗಳು ಮೀರಿದ್ದನ್ನು ಅಳಿಸು. ಹಿಂದಿನ ಸಂಜೆ ಆ ಫೋಲ್ಡರಿಗೆ ಚೆಂದದ ಹೊಸ ಹೆಸರಿಟ್ಟವಳು ಅವಳೇ. ಬೆಳಿಗ್ಗೆ ಆಳು ಬಂದು ನೋಡಿದರೆ ಹೇಳಿದ ಜಾಗವೇ ಇಲ್ಲ. ಜಾಗ ಸಿಗದಿದ್ದರೆ ಸುಮ್ಮನೆ ಹೊರಟುಹೋಗು ಎಂಬ ಒಂದು ಸಾಲನ್ನು ಅವಳು ಬರೆದಿರಲಿಲ್ಲ. ಅದು ತಾನು ನಿಂತಲ್ಲೇ ಗುಡಿಸಿತು, ನಿಂತದ್ದು ಎಲ್ಲ ರೋಗಿಗಳ ಸ್ಕ್ಯಾನುಗಳ ನಡುವೆ. ಅಳಿಸುವ ಮುನ್ನ ಪಟ್ಟಿ ತೆಗೆದು ಕಣ್ಣಾಡಿಸಿ ಎಂದು ಹೊಸಬರಿಗೆಲ್ಲ ಪಾಠ ಹೇಳುವ ಹೆಂಗಸು! ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹಿಂದಿನ ಕಟ್ಟಡದ ನೆಲಮಾಳಿಗೆಯ ಯಂತ್ರದಲ್ಲಿ ಇನ್ನೊಂದು ಪ್ರತಿ ಇದೆಯೆಂಬ ಸಮಾಧಾನವೂ ಹೆಚ್ಚು ಹೊತ್ತು ಉಳಿಯಲಿಲ್ಲ. ಆ ಪ್ರತಿ ಮಾಡುವುದೂ ಒಂದು ಆಳೇ. ದಿನಾ ಹತ್ತು ಗಂಟೆಗೆ ಎದ್ದು, ಇಲ್ಲಿರುವಂತೆಯೇ ಅಲ್ಲೂ ಮಾಡುತ್ತದೆ. ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸುತ್ತದೆ. ಆಗ ಗಂಟೆ ಒಂಬತ್ತು ಐವತ್ತಮೂರು.

ಕೂತಲ್ಲಿಂದಲೇ ಅದನ್ನು ನಿಲ್ಲಿಸುವ ಹಾಗಿರಲಿಲ್ಲ. ಕಳ್ಳರು ನುಗ್ಗದಿರಲೆಂದು ಆ ಯಂತ್ರಕ್ಕೆ ಹೊರಗಿನಿಂದ ಹೋಗುವ ದಾರಿಗಳನ್ನೆಲ್ಲ ಮುಚ್ಚಿಸಿದ್ದಳು. ಇಲ್ಲಿನ ಸರ್ವರನ್ನೇ ಆರಿಸಿದರೆ ಐಸಿಯುವಿನ ಪರದೆಗಳೂ ಆರುತ್ತವೆ. ಮೂರು ಮಹಡಿ ಇಳಿದು, ಅಂಗಳ ದಾಟಿ, ಕೀಲಿ ಇಟ್ಟುಕೊಂಡಿದ್ದ ಕಾವಲುಗಾರನ ಮುಂದೆ ಏದುಸಿರು ಬಿಡುತ್ತ ನಿಂತಳು.

“ಸಹಿ ಹಾಕಿ ಅಕ್ಕಾ.”

“ಆಮೇಲೆ ಹಾಕ್ತೀನಪ್ಪ, ಮೊದಲು ಕೊಡು!”

“ಸಹಿ ಇಲ್ಲದೆ ದೇವರು ಬಂದ್ರೂ ಕೊಡಬೇಡ ಅಂದೋರು ನೀವೇ ಅಲ್ವಾ?” ಅವನು ನಿಧಾನವಾಗಿ ರಿಜಿಸ್ಟರ್ ತೆರೆದ. ಪೆನ್ನು ಬರೆಯಲಿಲ್ಲ. ಇನ್ನೊಂದನ್ನು ಹುಡುಕಿದ. ಅವಳಿಗೆ ಅವನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಆದರೆ ಅವನದೇನೂ ತಪ್ಪಿರಲಿಲ್ಲ.

ಬಾಗಿಲು ತೆರೆದಾಗ ಯಂತ್ರದ ಹಸಿರು ದೀಪ ಪಟಪಟನೆ ಮಿನುಗುತ್ತಿತ್ತು. ಕೆಲಸ ಶುರುವಾಗಿಬಿಟ್ಟಿತ್ತು. ಎರಡೂ ಯಂತ್ರಗಳನ್ನು ಜೋಡಿಸುವ ಕೇಬಲ್ಲಿಗೆ ಕೈಹಾಕಿ ಎಳೆದಳು. ದೀಪ ನಿಂತಿತು. ಹನ್ನೊಂದು ರೋಗಿಗಳ ಸ್ಕ್ಯಾನ್ ಅಳಿಸಿಹೋಗಿತ್ತು. ಯಂತ್ರದ ಪರದೆಯ ಪಟ್ಟಿಯಲ್ಲಿ ಹನ್ನೆರಡನೆಯದು ಆ ಹೆಂಗಸಿನ ನಂಬರು, ಅದು ಕಾಣುತ್ತಿತ್ತು. ಹೋದ ಜೀವ ಬಂದಂತಾಗಿ, ಆಮೆವೇಗದ ಆ ಹಳೇ ಯಂತ್ರದಿಂದ ಅದನ್ನು ಪುಟ್ಟ ಡಿಸ್ಕಿಗೆ ತುಂಬಿಕೊಂಡು ಓಡಿದಳು.

ಕಳೆದ ಸ್ಕ್ಯಾನ್ ಅಕ್ಕ ತರುತ್ತಾಳೆಂದು ಟೆಕ್ನೀಶಿಯನ್ ಹೇಳಿದ್ದರಿಂದ, ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ರೋಗಿಯ ಗಂಡ ಕಾಯುತ್ತ ನಿಂತಿದ್ದ. ಲಾರಿ ಮೆಕ್ಯಾನಿಕ್, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು. ಅವಳ ಎರಡೂ ಕೈ ಹಿಡಿದುಕೊಂಡ.

“ನಿಮ್ಮಿಂದ ತುಂಬಾ ಉಪಕಾರ ಆಯ್ತಮ್ಮ.”

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಅವಳಿಗೆ ಆಗಲಿಲ್ಲ. “ಅಳಿಸಿದ್ದೂ ನನ್ನ ಸ್ಕ್ರಿಪ್ಟೇ ಕಣಪ್ಪ. ತಪ್ಪು ನಂದು.”

ಅವನು ಕೈ ಬಿಟ್ಟ. ಡಿಸ್ಕಿನತ್ತ ಬೆರಳು ತೋರಿಸಿದ.

“ತೆರೆದು ನೋಡಿದ್ರಾ? ನಾವು ಬ್ರೇಕ್ ಸರಿಮಾಡಿದ ಮೇಲೆ ಓಡಿಸಿ ನೋಡದೆ ಗಾಡಿ ಕೊಡಲ್ಲ.”

ಅವಳು ನೋಡಿರಲಿಲ್ಲ. ನಂಬರು ಕಂಡ ಖುಷಿಯಲ್ಲಿ ತಂದುಬಿಟ್ಟಿದ್ದಳು. ಆಗ ಹತ್ತು ಮೂವತ್ತೈದು. ಟೆಕ್ನೀಶಿಯನ್ ಡಿಸ್ಕ್ ಹಾಕಿ ಒಂದೊಂದೇ ಚಿತ್ರ ಸರಿಸುತ್ತ ಹೋದ. ದಾಖಲೆಯ ಪ್ರಕಾರ ಮುನ್ನೂರ ಹನ್ನೆರಡು ಇರಬೇಕಾದಲ್ಲಿ ಮುನ್ನೂರ ಹತ್ತಿದ್ದವು.

“ಎರಡು ಕಮ್ಮಿ,” ಎಂದ ಮೆಕ್ಯಾನಿಕ್. “ದೊಡ್ಡ ಡಾಕ್ಟರಿಗೆ ಹೇಳಿ. ನೀವೇ ಹೇಳಿ.”

ಅವಳು ಆಪರೇಷನ್ ಥಿಯೇಟರಿನ ನಂಬರು ಒತ್ತಿ, ಏನೂ ಮುಚ್ಚಿಡದೆ ಹೇಳಿದಳು.

“ಯಾವ ಎರಡು?” ಸರ್ಜನ್ ಕೇಳಿದರು.

“ಮೊದಲನೇದು, ಎರಡನೇದು.”

ಸರ್ಜನ್ ತಕ್ಷಣ ಹೇಳಿದರು:

“ಅದು ಬುರುಡೆಗಿಂತ ಮೇಲಿನ ಬರೀ ಗಾಳಿಯ ಚಿತ್ರ. ಗಡ್ಡೆ ಇರೋದು ನೂರರಿಂದ ಆಚೆ. ಕಳಿಸಿ. ಆದರೆ ಹೇಳದೆ ಕಳಿಸಿದ್ರೆ, ಎರಡು ಯಾಕೆ ಕಮ್ಮಿ ಅಂತ ಇಲ್ಲಿ ತಲೆಕೆಡಿಸಿಕೊಂಡು ಕೂತಿರ್ತಿದ್ದೆ.”

ಚಿತ್ರಗಳು ಹೋದವು. ಹನ್ನೊಂದಕ್ಕೆ ಸರಿಯಾಗಿ ಥಿಯೇಟರಿನ ಕೆಂಪು ದೀಪ ಹತ್ತಿತು. ಅಲ್ಲೇ ಹೊರಗಿನ ಬೆಂಚಿನಲ್ಲಿ ಕೂತಿದ್ದ ಅವಳು ಹೊರಡಲೆಂದು ಎದ್ದಳು. ಪಕ್ಕದಲ್ಲಿ ಕೂತಿದ್ದ ಮೆಕ್ಯಾನಿಕ್ ತಲೆಯೆತ್ತದೆ ಕೇಳಿದ:

“ಹನ್ನೊಂದು ಜನದ್ದು ಪೂರ್ತಿ ಹೋಯ್ತಲ್ಲ, ಅವರಿಗೆಲ್ಲ ಯಾರು ಹೇಳ್ತಾರೆ?”

ಅವಳು ಮತ್ತೆ ಅವನ ಪಕ್ಕದಲ್ಲಿ ಕೂತಳು, ಟೆಕ್ನೀಶಿಯನ್ನನಿಂದ ಆ ಹನ್ನೊಂದು ಜನರ ಫೋನ್ ನಂಬರುಗಳ ಪಟ್ಟಿ ತರಿಸಿಕೊಂಡಳು, ಮೊದಲನೇ ನಂಬರಿಗೆ ಫೋನ್ ಮಾಡಿದಳು.