ದೊಡ್ಡಮ್ಮ ಪಿಯಾನೋಗೆ ಶ್ರುತಿ ಹಿಡಿದದ್ದು

ಅರಕಲಗೂಡಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಡಂ. ಹಾಸನದಿಂದ ದಿನಾ ಬಸ್ಸಿನ ಓಡಾಟ, ಕಿವಿಗೆ ಇಯರ್‌ಫೋನು. ಎಂಬತ್ತು ಜನ ಕೂಡಿ ನುಡಿಸುವ ಒಂದು ಸಿಂಫನಿ ಕೇಳಿ ಕೇಳಿ ಬಾಯಿಪಾಠವಾಗಿತ್ತು. ಒಂದು ಬೆಳಿಗ್ಗೆ ಫೋನು ತಾನಾಗಿ ಮುಂದಿನದಕ್ಕೆ ಹಾರಿತು. ಅದೇ ಸಿಂಫನಿ, ಆದರೆ ಬರೀ ಪಿಯಾನೋ, ಒಬ್ಬನೇ ಮನುಷ್ಯ. ಅಯ್ಯೋ ದೇವರೇ, ಪಿಟೀಲಿನ ಗುಂಪು ಬಲಗೈಯಲ್ಲಿ, ನಗಾರಿಯ ಗುಡುಗು ಎಡಗೈಯಲ್ಲಿ, ನಡುವೆ ಹೆಬ್ಬೆರಳುಗಳಲ್ಲಿ ಕೊಳಲಿನವರ ಹಾಡು! ಎಷ್ಟು ಸಲ ಎಣಿಸಿದರೂ ಮನುಷ್ಯನಿಗೆ ಹತ್ತೇ ಬೆರಳು. ನನ್ನ ಸ್ಟಾಪು ದಾಟಿದ್ದು ಕಂಡಕ್ಟರ್ ಬೈದ ಮೇಲೆಯೇ ಗೊತ್ತಾಗಿದ್ದು.

ಇದನ್ನು ದೊಡ್ಡಮ್ಮನಿಗೆ ಕೇಳಿಸಲೇಬೇಕು ಅನ್ನಿಸಿತು. ರುದ್ರಪಟ್ಟಣದಲ್ಲಿ ಹುಟ್ಟಿದ ದೊಡ್ಡಮ್ಮ ಮತ್ತು ನನ್ನಮ್ಮ ನಲವತ್ತು ವರ್ಷ ಜೋಡಿಯಾಗಿ ಹಾಡಿದವರು. ಒಂದು ಸಾಲು ದೊಡ್ಡಮ್ಮನದು, ಮರುಸಾಲು ಅಮ್ಮನದು. ಅಮ್ಮ ಸಾಲಿನ ಕೊನೆಯನ್ನು ಚೂರು ಎಳೆಯುತ್ತಾಳೆ ಎಂದು ವೇದಿಕೆ ಇಳಿದೊಡನೆ ಪ್ರತಿಸಲ ಜಗಳ. ಅಮ್ಮ ಹೋದ ಮೇಲೆ ದೊಡ್ಡಮ್ಮ ಹಾಡುವುದನ್ನೇ ಬಿಟ್ಟಳು. ಹುಟ್ಟೂರಿನ ಸಂಗೀತೋತ್ಸವದವರು ಎರಡು ವರ್ಷ ಬಂದು ಕರೆದರೂ, ಒಂಟೆತ್ತಿನಲ್ಲಿ ಉಳುವುದುಂಟೇ ಎಂದು ಕೇಳಿ ಕಾಫಿ ಕೊಟ್ಟು ಕಳಿಸಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಅಮ್ಮನ ಹಿಂದೆ ಆ ದನಿಯೂ ಹೋದರೆ ನನಗೆ ಉಳಿಯುವುದೇನು?

ಭಾನುವಾರ ಸ್ಪೀಕರ್ ಹಿಡಿದು ಅವಳ ಮನೆಗೆ ಹೋದೆ. ಹಾಸನದಲ್ಲೇ, ನಮ್ಮ ಪಕ್ಕದ ಬೀದಿ. ಅವರೆಕಾಯಿ ಸುಲಿಯುತ್ತಿದ್ದವಳು ಎದ್ದು ಮೊದಲು ಶ್ರುತಿಪೆಟ್ಟಿಗೆ ತಂದಳು. ಪಿಯಾನೋದ ಷಡ್ಜ ಹುಡುಕಿ, ಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿಟ್ಟಳು. ಶ್ರುತಿಯಿಲ್ಲದೆ ಸಂಗೀತ ಕೇಳುವುದು ನಮ್ಮ ಮನೆಯಲ್ಲಿ ಮೈಲಿಗೆಯ ಸಮಾನ. ತೊಡೆಯ ಮೇಲೆ ಆದಿತಾಳವೂ ಶುರುವಾಯಿತು. ಎರಡೇ ನಿಮಿಷ. ಪಾಶ್ಚಾತ್ಯ ಸಂಗೀತದ ರೂಢಿಯಂತೆ ಪಿಯಾನೋ ಬೇರೆ ಷಡ್ಜಕ್ಕೆ ಜಾರಿತು, ಪೆಟ್ಟಿಗೆ ಮಾತ್ರ ಹಳೆಯದನ್ನೇ ಹಿಡಿದು ಗೊಂಯ್‌ಗುಟ್ಟಿತು. ಕಿವಿ ಮುಚ್ಚಿಕೊಳ್ಳುವಂತಾಯಿತು. ದೊಡ್ಡಮ್ಮ ಗುಂಡಿ ತಿರುಗಿಸಿ ಬೆನ್ನಟ್ಟಿದಳು, ಅದು ಮತ್ತೆ ತಪ್ಪಿಸಿಕೊಂಡಿತು. ಶ್ರುತಿಜ್ಞಾನವಿಲ್ಲದ ಪ್ರಾಣಿ ಎಂದು ಆ ಪಿಯಾನೋದವನಿಗೆ ಸಹಸ್ರನಾಮ ಮಾಡಿ, ಕೊನೆಗೆ ಸೋತು ಪೆಟ್ಟಿಗೆಯನ್ನೇ ನಿಲ್ಲಿಸಿದಳು. ಆಮೇಲೆ ನಿಜವಾಗಿ ಕೇಳತೊಡಗಿದಳು.

ನಿಧಾನದ ಭಾಗ ಬಂತು. ತಾಳದ ಕೈ ನಿಂತಿತು. ಕೆಳಗಿನ ದನಿ ಒಂದು ಸಾಲು ಹೇಳಿದರೆ ಮೇಲಿನದು ಉತ್ತರ ಕೊಡುತ್ತಿತ್ತು.

“ಇಬ್ರು ಇದಾರಲ್ಲೇ?” ಎಂದಳು.

ಒಬ್ಬನೇ ಎಂದರೆ ನಂಬಲಿಲ್ಲ. ಫೋನಿನಲ್ಲಿ ವಿಡಿಯೋ ತೋರಿಸಿದೆ. ಕನ್ನಡಕ ಏರಿಸಿಕೊಂಡು ಆ ಎರಡು ಕೈಗಳನ್ನೇ ನೋಡುತ್ತಾ ಕೂತಳು. ಎಷ್ಟು ಸಲ ಕೇಳಿದ್ದರೂ ನನಗೆ ಮತ್ತೆ ಮೈ ಜುಮ್ಮೆಂದಿತು. ಅವಳ ಕಣ್ಣಲ್ಲಿ ನೀರಿತ್ತು.

“ಅಷ್ಟೂ ಜನಾನ ಒಬ್ನೇ ಹೊತ್ಕೊಂಡಿದಾನಲ್ಲೇ.”

ಮುಗಿದ ಮೇಲೆ ಶ್ರುತಿಪೆಟ್ಟಿಗೆಯನ್ನು ಮತ್ತೆ ಹಾಕಿದಳು, ಈ ಸಲ ತನ್ನ ಶ್ರುತಿಗೆ. ಅಮ್ಮನೂ ಅವಳೂ ಹಾಡುತ್ತಿದ್ದ ಕೃತಿಯ ಪಲ್ಲವಿ ಎತ್ತಿಕೊಂಡಳು. ದನಿ ಒಡೆಯಿತು, ಮತ್ತೆ ಕೂಡಿಕೊಂಡಿತು. ಅಮ್ಮನ ಸರದಿ ಬಂದಾಗ ಅಭ್ಯಾಸಬಲದಿಂದ ನಿಲ್ಲಿಸಿ ಎಡಕ್ಕೆ ತಿರುಗಿದಳು. ಒಂದು ಆವರ್ತ ಖಾಲಿ ಹೋಯಿತು, ತೊಡೆಯ ಮೇಲೆ ತಾಳ ಮಾತ್ರ ಬೀಳುತ್ತಿತ್ತು. ಆಮೇಲೆ ಮರುಸಾಲನ್ನೂ ಅವಳೇ ಹಾಡಿದಳು, ಕೊನೆಯನ್ನು ಚೂರು ಎಳೆದು.