ಬಾಗಿಲು ಕಾಯುವ ವರ್ಲೀನ್ ದೊಡ್ಡಮ್ಮ

ಜಾರ್ಜಿಯಾದ ಮೇಕನ್ ಊರಿನ ನಮ್ಮ ಕರಿಯರ ಚರ್ಚಿನಲ್ಲಿ, ನಾನು ಹುಟ್ಟುವ ಮೊದಲಿನಿಂದಲೂ ಬಾಗಿಲಲ್ಲಿ ನಿಲ್ಲುವವಳು ವರ್ಲೀನ್ ದೊಡ್ಡಮ್ಮ. ಬಿಳಿ ಉಡುಪು, ಬಿಳಿ ಕೈಗವಸು. ಬಂದವರನ್ನು ಕೂರಿಸುವುದು, ಅತ್ತವರಿಗೆ ಬೀಸಣಿಗೆ ಕೊಡುವುದು ಅವಳ ಸೇವೆ. ಪ್ರವಚನ ಮುಗಿಯುವವರೆಗೆ ಕದಲುವಂತಿಲ್ಲ. ಅದಕ್ಕೇ ಭಾನುವಾರ ಬಿ.ಪಿ. ಮಾತ್ರೆ ನುಂಗುವುದಿಲ್ಲ, ಅದು ಮೂತ್ರಕ್ಕೆ ಓಡಿಸುವ ಮಾತ್ರೆ. ಬುಧವಾರದ ಪ್ರಾರ್ಥನೆಗೂ, ಶನಿವಾರದ ಶವಸಂಸ್ಕಾರಗಳಿಗೂ ಅದೇ ನೇಮ. ವಾರದಲ್ಲಿ ಇನ್ನೆಷ್ಟು ದಿನ ಉಳಿಯಿತು?

ಅವಳ ತಾಯಿ, ತಂಗಿ ಇಬ್ಬರೂ ಲಕ್ವ ಹೊಡೆದು ಹೋದವರು. ಆ ತಂಗಿ ನನ್ನ ಅಮ್ಮ. ಹೆದರಿಕೆಗೆ ಈ ಸಲ ಅವಳ ತಪಾಸಣೆಗೆ ನನ್ನ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನಾನೂ ಆಸ್ಪತ್ರೆಗೆ ಹೋದೆ. ಅವಳು ಹಬ್ಬದ ಟೋಪಿ ಹಾಕಿಕೊಂಡಿದ್ದಳು.

"ಡಾಕ್ಟರ ಹತ್ರ ಹೋಗೋಕೆ ಇಷ್ಟೊಂದು ಸಿಂಗಾರಾನಾ?"

"ಮಾಸಲು ಬಟ್ಟೇಲಿ ಹೋದ್ರೆ ಬಿಳಿಯರು ನಮ್ಮನ್ನ ಮಾತಾಡಿಸೋ ರೀತೀನೇ ಬೇರೆ. ನೀನು ಬಾಯಿ ಬಿಡ್ಬೇಡ, ತಿಳೀತಾ?"

ಒಳಗಿದ್ದವರು ಬಿಳಿಯ, ಎಳೆ ವಯಸ್ಸಿನ ಡಾಕ್ಟರು. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ ಹುಬ್ಬು ಗಂಟಿಕ್ಕಿದರು.

"ಹೇಗಿದೀರಿ?"

"ದೇವರ ದಯೆ, ಚೆನ್ನಾಗಿದೀನಿ."

"ಮಾತ್ರೆ ತಗೋತಿದೀರಾ?"

"ತಗೋತೀನಿ ಸರ್."

ಮೊಮ್ಮಗನ ವಯಸ್ಸಿನ ಗಂಡಸಿನ ಮುಂದೆ ಮೂತ್ರದ ಮಾತೆತ್ತುವ ಹೆಂಗಸಲ್ಲ ಅವಳು. ನಾನು ಬಾಯಿ ತೆರೆದೆ. ಅವಳ ಕೈಚೀಲ ನನ್ನ ಮೊಣಕಾಲಿಗೆ ಬಡಿಯಿತು. ಡಾಕ್ಟರು ಅದೇ ಮಾತ್ರೆಯನ್ನು ದುಪ್ಪಟ್ಟು ಮಾಡಿದರು.

ಮನೆಗೆ ಬಂದು ಅವಳಿಗೆ ತಿಳಿಯದಂತೆ ಆಸ್ಪತ್ರೆಗೆ ಫೋನ್ ಮಾಡಿದೆ. ಬಾಗಿಲು ಬಿಡಲಾಗದೆ ಮಾತ್ರೆ ಬಿಡುತ್ತಾಳೆ, ಬೇರೆ ಬಗೆಯದು ಕೊಡಿ ಎಂದೆ.

"ತಗೋತೀನಿ ಅಂತ ಅವರೇ ಅಂದ್ರಲ್ಲಮ್ಮ," ಎಂದಳು ನರ್ಸು. "ನಿಮ್ಮೋರು ಹೇಳೋದೊಂದು, ಮಾಡೋದೊಂದು." ಡಾಕ್ಟರನ್ನು ಮತ್ತೆ ಕಾಣಲು ಎರಡು ತಿಂಗಳು ಕಾಯಬೇಕಂತೆ. ಸಿಟ್ಟಿಗೆ ಫೋನ್ ಕುಕ್ಕಿದೆ.

ಈ ಭಾನುವಾರ ಅವಳ ಪಾದ ಊದಿ ಬೂಟಿಗೆ ಹಿಡಿಸುತ್ತಿರಲಿಲ್ಲ.

"ಒಂದಾದ್ರೂ ನುಂಗು ದೊಡ್ಡಮ್ಮ."

"ಮೊದಲಿಗಿಂತ ಜಾಸ್ತಿ ಮಾಡಿದಾರಲ್ಲೇ. ಪಾದ್ರಿ ಬಾಯಿ ತೆರೆಯೋಕೆ ಮುಂಚೆ ನಾನು ಓಡ್ಬೇಕು. ನಿನ್ ಮಗೂಗಾದ್ರೆ ಡಯಾಪರ್ ಇದೆ, ನಂಗೇನಿದೆ?" ಎಂದು ತಾನೇ ನಕ್ಕಳು.

ನನಗೆ ನಗು ಬರಲಿಲ್ಲ. ಬೂಟಿನ ದಾರ ಸಡಿಲಿಸಿ ಕಟ್ಟಿಕೊಟ್ಟೆ. ಅಷ್ಟೇ ನನ್ನ ಕೈಲಾದದ್ದು.

ಚರ್ಚಿನಲ್ಲಿ, ತಿರುಗಿದರೆ ಬಾಗಿಲು ಕಾಣುವ ಬೆಂಚಿನಲ್ಲಿ ಕೂತೆ. ಹಾಡಿಗೆ ಎಲ್ಲರೂ ಎದ್ದಾಗ ಅವಳು ಮರೆಯಾದಳು. ಮಗುವನ್ನೆತ್ತಿಕೊಂಡು ಕತ್ತು ಚಾಚಿದೆ. ನಿಂತಿದ್ದಳು, ಒಂದು ಕೈ ಗೋಡೆಗೆ ಕೊಟ್ಟು. ಆಯಾಸವೋ, ಇನ್ನೇನೋ, ಅಷ್ಟು ದೂರದಿಂದ ತಿಳಿಯಲಿಲ್ಲ.